ಸುಮ್ಮನಿದ್ದಾಗ ನಡುಗುವ ಕೈ

ಮೊಳಕಾಲ್ಮುರಿನ ರೇಷ್ಮೆ ಸೀರೆಯ ಬಗ್ಗೆ ಬರೆಯಲೆಂದು ಹೋಗಿದ್ದೆ. ಓಣಿಯೊಂದರ ಮಗ್ಗದ ಮನೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣಿಗೆ ಕತ್ತಲು ಕಟ್ಟುತ್ತದೆ. ಕಿವಿಗೆ ಮಾತ್ರ ಮಗ್ಗದ ಟಕ್ ಟಕ್ ಸದ್ದು. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು, ಮಗ್ಗದ ಪಕ್ಕದ ಚಾಪೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು. ತೊಡೆಯ ಮೇಲಿಟ್ಟಿದ್ದ ಅವರ ಬಲಗೈ ಒಂದೇ ಸಮನೆ ಅದುರುತ್ತಿತ್ತು. ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜಿಕೊಳ್ಳುತ್ತಿತ್ತು, ಯಾವುದೋ ಕಾಣದ ನೂಲನ್ನು ಹೊಸೆಯುತ್ತಿರುವಂತೆ. ಮಗ ಮಾತಿನ ನಡುವೆ ಲಾಳಿಯೊಂದನ್ನು ಅವರ ಕೈಗಿತ್ತ. ಹಿಡಿಯಲು ಕೈ ಚಾಚಿದ್ದೇ ತಡ, ನಡುಕ ನಿಂತಿತು!

‘ವಯಸ್ಸಾಯಿತಲ್ಲ, ಇನ್ನೇನು’ ಎಂದರು ಮನೆಯವರು. ಆದರೆ ವಯಸ್ಸಿನ ಜೊತೆ ಬೇರೆ ಕೆಲವು ಸಂಗತಿಗಳೂ ಸೇರಿಕೊಂಡಿದ್ದವು. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ. ಮುಖದಲ್ಲಿ ನಗು ಮೂಡಲು ಹೊತ್ತು ಹಿಡಿಯುತ್ತಿತ್ತು. ಸೀರೆಯ ಲೆಕ್ಕ ಬರೆದಿಡುವ ಅವರ ಪುಸ್ತಕವನ್ನು ಮಗ ತೆಗೆದು ತೋರಿಸಿದ. ಮೂರು ವರ್ಷದ ಹಿಂದಿನ ಹಾಳೆಗಳಲ್ಲಿ ದುಂಡನೆಯ ದೊಡ್ಡ ಅಕ್ಷರ. ಪುಟ ತಿರುವುತ್ತ ಬಂದಂತೆ ಅಕ್ಷರಗಳು ಕುಗ್ಗುತ್ತ ಕುಗ್ಗುತ್ತ, ಕೊನೆಯ ಹಾಳೆಗಳಲ್ಲಿ ಇರುವೆಯ ಸಾಲಿನಂತಾಗಿದ್ದವು. ಕೈಬರಹಕ್ಕೆ ಈ ತಾಲ್ಲೂಕಿನಲ್ಲಿ ಹಳೆಯ ಹಿರಿಮೆಯಿದೆ. ಇಲ್ಲಿನ ಬ್ರಹ್ಮಗಿರಿಯ ಅಶೋಕ ಶಾಸನದ ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರನ್ನೂ ಬರೆದುಬಿಟ್ಟು ಹೋಗಿದ್ದಾನೆ. ಅದಿರಲಿ. ಅಕ್ಷರ ಹೀಗೆ ಕಿರಿದಾಗುತ್ತ ಹೋಗುವುದು ಮುಪ್ಪಿನ ಲಕ್ಷಣವಲ್ಲ. ಅದು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಲ್ಲೊಂದು. ನಮ್ಮ ಜನ ಅದುರುವಾಯು, ನಡುಗುವಾಯು ಎನ್ನುವುದೂ ಸಾಮಾನ್ಯವಾಗಿ ಇದನ್ನೇ.

ಮಗ ಒಂದು ಪ್ರಶ್ನೆ ಕೇಳಿದ. ಮೊಬೈಲ್‌ನಲ್ಲಿ ಯಾವುದೋ ವಿಡಿಯೊ ನೋಡಿದ್ದನಂತೆ. ‘ಬೆಂಗಳೂರಿನಲ್ಲಿ ತಲೆಯೊಳಗೆ ವೈರ್ ಇಟ್ಟು ನಡುಕ ನಿಲ್ಲಿಸುತ್ತಾರಂತೆ, ಹೌದಾ?’

ಹೌದು. ಆದರೆ ಆ ವೈರ್‌ನ ಕಥೆ ಒಂದೇ ಮಾತಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಫ್ರಾನ್ಸಿನ ಗ್ರೆನೋಬಲ್ ನಗರದಿಂದ ಅದನ್ನು ಶುರು ಮಾಡುವುದು ವಾಡಿಕೆ. ಹುಡುಕುತ್ತ ಹೋದರೆ ಅದರ ಎಳೆಗಳು ನಮ್ಮ ಬೇಲಿಯ ಬಳ್ಳಿಯೊಂದರಲ್ಲಿ, ಮದರಾಸಿನ ಪ್ರಯೋಗಾಲಯವೊಂದರಲ್ಲಿ, ಬೆಂಗಳೂರಿನ ಹೊಸೂರು ರಸ್ತೆಯ ಆಸ್ಪತ್ರೆಯೊಂದರಲ್ಲಿ ಸಿಗುತ್ತವೆ.

ಬೀದಿಯಲ್ಲಿ ಕಂಡ ಕಾಯಿಲೆ

ಜೇಮ್ಸ್ ಪಾರ್ಕಿನ್ಸನ್ ಲಂಡನ್ನಿನ ಹಾಕ್ಸ್‌ಟನ್ ಎಂಬಲ್ಲಿದ್ದ ವೈದ್ಯ. 1817ರಲ್ಲಿ ಆತ ‘ನಡುಗುವ ಲಕ್ವ’ದ ಮೇಲೆ ಒಂದು ಚಿಕ್ಕ ಪುಸ್ತಕ ಬರೆದ. ಅದರಲ್ಲಿ ಇರುವುದು ಕೇವಲ ಆರು ಜನರ ವಿವರ. ಸೋಜಿಗವೆಂದರೆ, ಆ ಆರರಲ್ಲಿ ಇಬ್ಬರನ್ನು ಆತ ಬೀದಿಯಲ್ಲಿ ಕಂಡು ಮಾತನಾಡಿಸಿದ್ದ. ಇನ್ನೊಬ್ಬನನ್ನು ದೂರದಿಂದ ನೋಡಿದ್ದಷ್ಟೇ. ಮುಂದಕ್ಕೆ ಬಾಗಿದ ಮೈ, ಓಡುನಡಿಗೆಯಂಥ ಚಿಕ್ಕ ಹೆಜ್ಜೆ, ವಿಶ್ರಾಂತಿಯಲ್ಲಿರುವಾಗ ನಡುಗುವ ಕೈ, ಇವನ್ನೆಲ್ಲ ಕಣ್ಣಿನಿಂದಲೇ ಹಿಡಿದಿಟ್ಟ. ಕಾಯಿಲೆಗೆ ಅವನ ಹೆಸರನ್ನು ಕೊಟ್ಟವರು ಮುಂದೆ ಪ್ಯಾರಿಸ್ಸಿನ ಖ್ಯಾತ ನರವೈದ್ಯ ಶಾರ್ಕೊ.

ಇಂದಿಗೂ ಈ ಕಾಯಿಲೆಯನ್ನು ಗುರುತಿಸುವುದು ಮುಖ್ಯವಾಗಿ ಕಣ್ಣು ಮತ್ತು ಕೈಗಳಿಂದಲೇ. ಇದ್ದಕ್ಕಿದ್ದಂತೆ ‘ಹೌದು’ ಎನ್ನುವ ರಕ್ತಪರೀಕ್ಷೆಯೊಂದು ಊರೂರಿನ ಲ್ಯಾಬಿನಲ್ಲಿ ಸಿಗುವುದಿಲ್ಲ. ಎಲ್ಲ ನಡುಕವೂ ಪಾರ್ಕಿನ್ಸನ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ ನಡುಗುವ ಕೈ ಬೇರೆ ಬಗೆಯದು; ಅದು ಮನೆತನದಲ್ಲಿ ಬರುವುದುಂಟು. ಥೈರಾಯ್ಡ್ ಏರುಪೇರಿನಿಂದ, ಕೆಲವು ಔಷಧಿಗಳಿಂದಲೂ ಕೈ ನಡುಗುತ್ತದೆ. ಸುಮ್ಮನಿದ್ದಾಗ ನಡುಗಿ, ಕೆಲಸಕ್ಕೆ ಹೊರಟಾಗ ನಿಲ್ಲುವುದು ಪಾರ್ಕಿನ್ಸನ್ನಿನ ವಿಶೇಷ. ನಡುಕವೇ ಇಲ್ಲದೆ ಬರೀ ನಿಧಾನ, ಬರೀ ಬಿಗಿತವಾಗಿ ಬರುವ ಪಾರ್ಕಿನ್ಸನ್ ಕೂಡ ಉಂಟು. ಅಂಥವರು ಭುಜ ಹಿಡಿದುಕೊಂಡಿದೆ ಎಂದು ವರ್ಷಗಟ್ಟಲೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಇದ್ದುಬಿಡುತ್ತಾರೆ.

ನಮ್ಮ ವೈದ್ಯಗ್ರಂಥಗಳಿಗೂ ಇದು ತಿಳಿಯದ ವಿಷಯವಲ್ಲ. ಕಂಪವಾತ ಎಂಬ ಹೆಸರಿನಲ್ಲಿ ಕೈಕಾಲಿನ ನಡುಕದ ವರ್ಣನೆ ಇದೆ. ದಕ್ಷಿಣದಲ್ಲಿ ಬಳಕೆಯಲ್ಲಿದ್ದ ‘ಬಸವರಾಜೀಯಂ’ ನಡುಕದ ಜೊತೆಗೆ ನಿದ್ದೆ ಕೆಡುವುದನ್ನೂ ಬುದ್ಧಿ ಮಂಕಾಗುವುದನ್ನೂ ಸೇರಿಸಿ ಹೇಳುತ್ತದೆ. ಇದು ಗಮನಾರ್ಹ. ಏಕೆಂದರೆ ಪಾರ್ಕಿನ್ಸನ್ ತನ್ನ ಪುಸ್ತಕದಲ್ಲಿ ಬುದ್ಧಿಗೇನೂ ಧಕ್ಕೆಯಿಲ್ಲ ಎಂದೇ ಬರೆದಿದ್ದ. ನಿದ್ದೆ, ನೆನಪು, ಮನಸ್ಸುಗಳಿಗೂ ಈ ಕಾಯಿಲೆ ಕೈಹಾಕುತ್ತದೆಂಬುದನ್ನು ಆಧುನಿಕ ವೈದ್ಯ ಒಪ್ಪಿಕೊಂಡದ್ದು ಬಹಳ ತಡವಾಗಿ.

ಹಾಗಾದರೆ ಒಳಗೆ ಆಗುವುದೇನು? ಮಿದುಳಿನ ಕಾಂಡದ ಮೇಲ್ಭಾಗದಲ್ಲಿ ಕಪ್ಪು ಬಣ್ಣದ ಜೀವಕೋಶಗಳ ಪುಟ್ಟ ಪಟ್ಟಿಯೊಂದಿದೆ. ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸಿ, ಚಲನೆಯನ್ನು ನೋಡಿಕೊಳ್ಳುವ ಆಳದ ಗಂಟುಗಳಿಗೆ ಕಳುಹಿಸುವುದು ಇವುಗಳ ಕೆಲಸ. ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗತೊಡಗುವ ಹೊತ್ತಿಗೆ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಹೋಗಿರುತ್ತವೆ. ಏಕೆ ಸಾಯುತ್ತವೆ ಎಂಬುದಕ್ಕೆ ಪೂರ್ತಿ ಉತ್ತರ ಇನ್ನೂ ಇಲ್ಲ.

ನೇಕಾರರ ಮನೆಯಲ್ಲಿ ಈ ನಷ್ಟ ಏನೆಂಬುದು ಚೆನ್ನಾಗಿ ಅರ್ಥವಾಗುತ್ತದೆ. ಮೊಳಕಾಲ್ಮುರಿನ ಸೀರೆಯಲ್ಲಿ ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ. ಎರಡನ್ನೂ ಒಂದರೊಳಗೊಂದು ಕೂಡಿಸುತ್ತ ನೇಯಬೇಕು. ಕಾಲು ಮೆಟ್ಟನ್ನು ತುಳಿಯುತ್ತಿರುತ್ತದೆ, ಕೈ ಲಾಳಿ ಎಸೆಯುತ್ತದೆ, ಕಣ್ಣು ಅಂಚಿನ ಮೇಲಿರುತ್ತದೆ, ಬಾಯಿ ಮಾತ್ರ ಪಕ್ಕದ ಮಗ್ಗದವನೊಂದಿಗೆ ಊರಿನ ಸುದ್ದಿ ಮಾತಾಡುತ್ತಿರುತ್ತದೆ! ಕೈಕಾಲಿಗೆ ಯಾರೂ ಆಜ್ಞೆ ಕೊಡುತ್ತಿರುವುದಿಲ್ಲ. ಹೀಗೆ ರೂಢಿಬಿದ್ದ ಚಲನೆಗಳನ್ನು ತಾವೇ ನಡೆಸಿಕೊಂಡು ಹೋಗುವುದು ಆಳದ ಆ ಗಂಟುಗಳ ಕೆಲಸ. ಡೋಪಮೈನ್ ತೀರಿದಾಗ ಮೊದಲು ಕೈಬಿಡುವುದು ಈ ರೂಢಿಯೇ. ಪ್ರತಿ ಹೆಜ್ಜೆಯನ್ನೂ ಪ್ರತಿ ಗುಂಡಿಯನ್ನೂ ಯೋಚಿಸಿ ಮಾಡಬೇಕಾಗುತ್ತದೆ. ಆ ಹಿರಿಯರು ಮಗ್ಗ ಬಿಟ್ಟದ್ದು ಕೈ ನಡುಗಿದ್ದಕ್ಕಲ್ಲ. ‘ಮುಂದಿನ ಹೆಜ್ಜೆ ಯಾವುದು ಅಂತ ಕಾಲನ್ನ ಕೇಳಬೇಕಾಯ್ತು’ ಎಂದರು.

ಬೇಲಿಯ ನಸುಗುನ್ನಿ

ನಸುಗುನ್ನಿಯನ್ನು ಹಳ್ಳಿಯಲ್ಲಿ ಬೆಳೆದವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದರ ಕಾಯಿಯ ಮೇಲಿನ ನವಿರು ಮೈಗೆ ತಾಗಿದರೆ ತುರಿಸಿಕೊಂಡು ಸಾಕಾಗುತ್ತದೆ. ಶಾಲೆಯ ಬೆಂಚಿನ ಮೇಲೆ ಅದನ್ನು ಉದುರಿಸಿದ ಪುಂಡರು ಪ್ರತಿ ತಲೆಮಾರಿನಲ್ಲೂ ಇದ್ದಾರೆ. ಈ ಬಳ್ಳಿಯ ಬೀಜವನ್ನು ಹಾಲಿನಲ್ಲಿ ಬೇಯಿಸಿ ಶುದ್ಧಿ ಮಾಡಿ ವಾತದ ಕಾಯಿಲೆಗಳಿಗೆ ಕೊಡುವುದು ಆಯುರ್ವೇದದಲ್ಲಿ ಹಳೆಯ ಪದ್ಧತಿ.

1937ರಲ್ಲಿ ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು ರಸಾಯನ ವಿಜ್ಞಾನಿಗಳು ನಸುಗುನ್ನಿಯ ಬೀಜದಿಂದ ಎಲ್-ಡೋಪಾ ಎಂಬ ಪದಾರ್ಥವನ್ನು ಬೇರ್ಪಡಿಸಿದರು. ಇದೇ ಪದಾರ್ಥವನ್ನು ಯುರೋಪಿನ ಬಾಕಳೆ ಜಾತಿಯ ಅವರೆಯಿಂದ 1913ರಲ್ಲೇ ತೆಗೆಯಲಾಗಿತ್ತು. (ನಮ್ಮ ಸೊಗಡಿನ ಅವರೆಕಾಯಿಯಿಂದಲ್ಲ, ಆ ಆಸೆ ಬೇಡ.) ಅದು ಯಾವ ಕೆಲಸಕ್ಕೆ ಬಂದೀತು ಎಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಮಿದುಳಿನಲ್ಲಿ ಡೋಪಮೈನ್‌ಗೆ ತನ್ನದೇ ಒಂದು ಕೆಲಸವಿದೆ ಎಂಬುದೇ ತಿಳಿದಿರಲಿಲ್ಲ.

ಅದನ್ನು ತಿಳಿಸಿಕೊಟ್ಟದ್ದರಲ್ಲಿ ಇನ್ನೊಂದು ಭಾರತೀಯ ಗಿಡದ ಪಾತ್ರವಿದೆ. ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆ, ಉನ್ಮಾದವನ್ನು ತಣಿಸುತ್ತದೆ ಎಂದು 1931ರಲ್ಲಿ ಸೇನ್ ಮತ್ತು ಬೋಸ್ ಎಂಬ ವೈದ್ಯರು ವರದಿ ಮಾಡಿದ್ದರು. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ ಅದನ್ನು ಬ್ರಿಟಿಷ್ ವೈದ್ಯ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತು ಕಣ್ಣುಬಿಟ್ಟಿತು. 1952ರಲ್ಲಿ ಸ್ವಿಟ್ಸರ್‌ಲ್ಯಾಂಡಿನ ಸೀಬಾ ಕಂಪನಿ ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ವ ತೆಗೆಯಿತು. ಈ ಔಷಧಿಯನ್ನು ಹೆಚ್ಚು ತೆಗೆದುಕೊಂಡ ಕೆಲವರು ಪಾರ್ಕಿನ್ಸನ್ ರೋಗಿಗಳಂತೆಯೇ ಮರಗಟ್ಟತೊಡಗಿದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್ 1957ರಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಕಿವಿ ಜೋತುಬಿದ್ದು ಅಲುಗದೆ ಕುಳಿತ ಮೊಲಗಳಿಗೆ ಆಮೇಲೆ ಡೋಪಾ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಕಿವಿ ನಿಮಿರಿತು, ಮೊಲ ಓಡಾಡಿತು. ಕಾರ್ಲ್ಸನ್‌ರಿಗೆ 2000ದಲ್ಲಿ ನೊಬೆಲ್ ಬಂತು. ಕಾಯಿಲೆಯನ್ನು ಅನುಕರಿಸಿದ ಸತ್ವ ನಮ್ಮ ಕಾಡಿನ ಬೇರಿನದು. ಅದನ್ನು ಬಿಡಿಸಿದ ಪದಾರ್ಥ ನಮ್ಮ ಬೇಲಿಯ ಬೀಜದಲ್ಲೂ ಇರುವಂಥದ್ದು. ಎರಡನ್ನೂ ಜೋಡಿಸಿ ನೋಡಿದ ಕಣ್ಣು ಮಾತ್ರ ಬೇರೆಲ್ಲಿಯೋ ಇತ್ತು.

1961ರಲ್ಲಿ ವಿಯೆನ್ನಾದಲ್ಲಿ ಡೋಪಾವನ್ನು ರೋಗಿಗಳಿಗೆ ಕೊಡಲಾಯಿತು. 1967ರಲ್ಲಿ ಅಮೆರಿಕದ ಜಾರ್ಜ್ ಕೋಟ್ಜಿಯಾಸ್ ಪ್ರಮಾಣವನ್ನು ನಿಧಾನವಾಗಿ ಏರಿಸುತ್ತ ಹೋಗುವ ಉಪಾಯ ಕಂಡುಕೊಂಡ ಮೇಲೆ ಅದು ನಿಜವಾದ ಮದ್ದಾಯಿತು. ಇಂದಿಗೂ ಪಾರ್ಕಿನ್ಸನ್ನಿಗೆ ಅದನ್ನು ಮೀರಿಸುವ ಮಾತ್ರೆ ಇಲ್ಲ. ಹಾಗೆಂದು ಬೇಲಿಯಿಂದ ಬೀಜ ತಂದು ಪುಡಿ ಮಾಡಿ ನುಂಗಬಾರದು. ಒಂದು ಬೀಜದಲ್ಲಿ ಎಷ್ಟು ಡೋಪಾ ಇದೆ ಎಂಬುದು ಬಳ್ಳಿಯಿಂದ ಬಳ್ಳಿಗೆ ಬದಲಾಗುತ್ತದೆ. ಮಾತ್ರೆಯ ಜೊತೆ ಸೇರಿದರೆ ಪ್ರಮಾಣ ಮೀರಿ ವಾಂತಿ, ಭ್ರಮೆ ಬರಬಹುದು.

ಕೆನ್ನೆಯ ದಾರಿ

ಮಾತ್ರೆ ಬರುವ ಮುಂಚೆ ಶಸ್ತ್ರಚಿಕಿತ್ಸೆ ಇತ್ತು. ಈಗ ಹೇಳಿದರೆ ಜನ ನಂಬುವುದಿಲ್ಲ, ಆದರೆ ಕ್ರಮ ಹಾಗೆಯೇ. 1947ರಲ್ಲಿ ಫಿಲಡೆಲ್ಫಿಯಾದ ಸ್ಪೀಗೆಲ್ ಮತ್ತು ವೈಸಿಸ್ ಮನುಷ್ಯರ ತಲೆಗೆ ಚೌಕಟ್ಟೊಂದನ್ನು ಬಿಗಿದು, ಭೂಪಟದಲ್ಲಿ ಅಕ್ಷಾಂಶ ರೇಖಾಂಶ ಹಿಡಿದಂತೆ ಮಿದುಳಿನ ಆಳದ ಗುರಿಯನ್ನು ಅಳತೆಯಿಂದ ತಲುಪುವ ವಿಧಾನ ರೂಪಿಸಿದರು. 1952ರಲ್ಲಿ ನ್ಯೂಯಾರ್ಕಿನ ಇರ್ವಿಂಗ್ ಕೂಪರ್ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಾಗ ಅಕಸ್ಮಾತ್ತಾಗಿ ಒಂದು ರಕ್ತನಾಳ ಹರಿಯಿತು. ಅದನ್ನು ಕಟ್ಟಿ, ಆಪರೇಷನ್ ಅರ್ಧಕ್ಕೆ ನಿಲ್ಲಿಸಿದರು. ರೋಗಿ ಎಚ್ಚರಗೊಂಡಾಗ ಲಕ್ವ ಹೊಡೆದಿರಲಿಲ್ಲ, ನಡುಕ ಮಾತ್ರ ಮಾಯವಾಗಿತ್ತು! ಆಳದ ಸರಿಯಾದ ಜಾಗದಲ್ಲಿ ಚಿಕ್ಕದೊಂದು ಗಾಯ ಮಾಡಿದರೆ ನಡುಕ ನಿಲ್ಲುತ್ತದೆ ಎಂಬ ಅರಿವು ಅಲ್ಲಿಂದ ಬಲವಾಯಿತು. ಜಗತ್ತಿನಲ್ಲೆಲ್ಲ ಸಾವಿರಾರು ಜನರಿಗೆ ಈ ಬಗೆಯ ಚಿಕಿತ್ಸೆ ನಡೆಯಿತು.

ಆ ಹೊತ್ತಿಗೆ ಬೆಂಗಳೂರಿನಲ್ಲಿ, ಹಿಂದಿನ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಜಾಗದಲ್ಲಿ, ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತಲೆಯೆತ್ತಿತ್ತು. 1954ರಲ್ಲಿ ಅದರ ಆರಂಭ. ಅಲ್ಲಿ ನರಶಸ್ತ್ರಚಿಕಿತ್ಸೆಗೆ ನಿಂತವರು ಡಾ. ಆರ್. ಮಾರ್ತಾಂಡ ವರ್ಮ. ತಿರುವಾಂಕೂರು ಸೀಮೆಯ ಮಾವೇಲಿಕ್ಕರದವರು. ಬದುಕು ಕಟ್ಟಿಕೊಂಡದ್ದು ಬೆಂಗಳೂರಿನಲ್ಲಿ.

ಪಶ್ಚಿಮದಲ್ಲಿ ಎಲ್ಲರೂ ಆಳಕ್ಕಿಳಿಯುತ್ತಿದ್ದುದು ನೆತ್ತಿಯ ಕಡೆಯಿಂದ, ತಲೆಬುರುಡೆಯಲ್ಲಿ ತೂತು ಕೊರೆದು. ವರ್ಮ ಅವರು ಕೆಳಗಿನಿಂದ ನೋಡಿದರು. ತಲೆಬುರುಡೆಯ ತಳದಲ್ಲಿ ಪ್ರಕೃತಿಯೇ ಇಟ್ಟ ಕಿಂಡಿಗಳಿವೆ. ಅವುಗಳಲ್ಲೊಂದು ಮೊಟ್ಟೆಯಾಕಾರದ್ದು, ಫೊರಾಮೆನ್ ಓವೇಲ್ ಎಂಬ ಹೆಸರಿಗೂ ಅದೇ ಅರ್ಥ. ಕೆಳದವಡೆಗೆ ಹೋಗುವ ನರ ಅದರ ಮೂಲಕ ಹೊರಬರುತ್ತದೆ. ಮುಖದ ನರದ ತೀವ್ರ ನೋವಿಗೆ ಅಲ್ಲಿಗೆ ಸೂಜಿ ಹಾಕುವುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಕೆನ್ನೆಯ ಕಡೆಯಿಂದ ಸೂಜಿಯನ್ನು ಬಿಟ್ಟು, ಆ ಕಿಂಡಿಯನ್ನು ದಾಟಿಸಿ, ಇನ್ನೂ ಮೇಲಕ್ಕೆ, ನಡುಕದ ಗುರಿಯವರೆಗೆ ಒಯ್ಯಬಹುದು ಎಂದು ಯೋಚಿಸಿ ಮಾಡಿ ತೋರಿಸಿದ್ದು ಅವರ ಹೆಚ್ಚುಗಾರಿಕೆ. ಬುರುಡೆ ಕೊರೆಯುವ ಪ್ರಮೇಯವೇ ಇಲ್ಲ. 1960ರ ದಶಕದ ಈ ಕೆಲಸಕ್ಕೆ ‘ವರ್ಮ ವಿಧಾನ’ ಎಂಬ ಹೆಸರೇ ಬಿತ್ತು.

ಒಂದು ಕ್ಷಣ ಊಹಿಸಿಕೊಳ್ಳಿ. ಸಿ.ಟಿ. ಸ್ಕ್ಯಾನ್ ಇನ್ನೂ ಹುಟ್ಟಿರಲಿಲ್ಲ, ಎಂ.ಆರ್.ಐ. ಇರಲಿಲ್ಲ. ಎಕ್ಸ್-ರೇಯಲ್ಲಿ ಮಿದುಳು ಕಾಣುವುದಿಲ್ಲ. ಮಿದುಳಿನ ಪೊಳ್ಳುಗಳಿಗೆ ಗಾಳಿ ಅಥವಾ ಬಣ್ಣದ ದ್ರವ ತುಂಬಿ, ಅವುಗಳ ನೆರಳಿನಿಂದ ಗುರಿ ಎಲ್ಲಿದೆಯೆಂದು ಲೆಕ್ಕ ಹಾಕಬೇಕಿದ್ದ ಕಾಲ ಅದು. ಕೆಲವು ಮಿಲಿಮೀಟರ್ ತಪ್ಪಿದರೆ ಮಾತು ಹೋಗಬಹುದು, ಕೈಕಾಲು ಹೋಗಬಹುದು. ಅಂಥ ಕಾಲದಲ್ಲಿ ಕೆನ್ನೆಯಿಂದ ಹೊರಟ ಸೂಜಿಯನ್ನು ಅಲ್ಲಿಗೆ ಮುಟ್ಟಿಸಲು ಅಂಗರಚನೆಯ ಅರಿವು ಎಷ್ಟಿರಬೇಕು! ಆದರೆ ಕನ್ನಡದ ಪಠ್ಯಪುಸ್ತಕಗಳಲ್ಲಾಗಲಿ ಸಾಧಕರ ಪಟ್ಟಿಗಳಲ್ಲಾಗಲಿ ಈ ಸಾಹಸದ ಸುದ್ದಿ ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. 1974ರಲ್ಲಿ ಎರಡು ಸಂಸ್ಥೆಗಳು ಸೇರಿ ನಿಮ್ಹಾನ್ಸ್ ಆದಾಗ ಅದರ ಮೊದಲ ನಿರ್ದೇಶಕರಾದವರು ಇದೇ ವರ್ಮ. ತೀರಿಕೊಂಡದ್ದು 2015ರಲ್ಲಿ, ಬೆಂಗಳೂರಿನಲ್ಲೇ.

ಮದರಾಸಿನಲ್ಲೂ ಡಾ. ಬಿ. ರಾಮಮೂರ್ತಿಯವರ ತಂಡ ಇದೇ ಬಗೆಯ ಕೆಲಸದಲ್ಲಿ ತೊಡಗಿತ್ತು. ಆ ತಂಡದ ಡಾ. ಟಿ.ಎಸ್. ಕನಕಾ, ಏಷ್ಯಾದ ಮೊದಲ ಮಹಿಳಾ ನರಶಸ್ತ್ರಚಿಕಿತ್ಸಕರೆಂದು ಹೆಸರಾದವರು, 1975ರಷ್ಟು ಹಿಂದೆಯೇ ಮಿದುಳಿನಲ್ಲಿ ಬಹುಕಾಲ ಉಳಿಯುವ ವಿದ್ಯುತ್ ತಂತಿಗಳನ್ನು ಅಳವಡಿಸಿದ್ದರು. ಆ ಮಾತನ್ನು ಮುಂದಿನ ಭಾಗಕ್ಕೆ ನೆನಪಿಟ್ಟುಕೊಳ್ಳಬೇಕು.

ಡೋಪಾ ಮಾತ್ರೆ ಬಂದ ಮೇಲೆ ಈ ಶಸ್ತ್ರಚಿಕಿತ್ಸೆಗಳೆಲ್ಲ ಮೂಲೆಗೆ ಬಿದ್ದವು. ಮಾತ್ರೆ ನುಂಗಿದರೆ ಸಾಕೆನ್ನುವಾಗ ಯಾರು ತಲೆ ಕೊಡುತ್ತಾರೆ?

ಸುಡುವುದರ ಬದಲು

ಐದಾರು ವರ್ಷ, ಕೆಲವರಿಗೆ ಹತ್ತು ವರ್ಷ ಕಳೆಯಿತು. ಮಾತ್ರೆಯ ಇನ್ನೊಂದು ಮುಖ ಕಾಣತೊಡಗಿತು. ಮೊದಲು ಇಡೀ ದಿನ ಹಿಡಿಯುತ್ತಿದ್ದ ಗುಣ ಎರಡು ಮೂರು ಗಂಟೆಗೇ ಇಳಿಯುವುದು. ಇಳಿದಾಗ ಮೈ ಮರ. ಏರಿದಾಗ ಬೇರೆಯೇ ತೊಂದರೆ: ತಲೆ, ತೋಳು, ನಡು ತಮಗೆ ತಾವೇ ಬಳ್ಳಿಯಂತೆ ಬಳುಕುವುದು. ಪ್ರಮಾಣ ಹೆಚ್ಚಿಸಿದರೆ ಬಳುಕಾಟ, ಕಡಿಮೆ ಮಾಡಿದರೆ ಮರಗಟ್ಟುವಿಕೆ. ನಡುವೆ ರೋಗಿಗೆ ಸಿಗುವ ನೆಮ್ಮದಿಯ ಕಿಟಕಿ ವರ್ಷ ವರ್ಷಕ್ಕೆ ಕಿರಿದಾಗುತ್ತದೆ.

ಆಗ ಶಸ್ತ್ರವೈದ್ಯರನ್ನು ಮತ್ತೆ ಕರೆಯಬೇಕಾಯಿತು. 1987ರಲ್ಲಿ ಗ್ರೆನೋಬಲ್‌ನ ಆಲಿಂ ಲೂಯಿ ಬೆನಾಬಿದ್, ಸಹೋದ್ಯೋಗಿ ಪಿಯೆರ್ ಪೊಲಾಕ್ ಜೊತೆಗೂಡಿ ಹೊಸ ಹೆಜ್ಜೆ ಇಟ್ಟರು. ಗುರಿಯನ್ನು ಸುಡುವ ಮುಂಚೆ, ಸೂಜಿ ಸರಿಯಾದ ಜಾಗದಲ್ಲಿದೆಯೇ ಎಂದು ಸಣ್ಣ ವಿದ್ಯುತ್ ಹರಿಸಿ ನೋಡುವುದು ಹಳೆಯ ರೂಢಿ. ಸೆಕೆಂಡಿಗೆ ನೂರರ ಸುಮಾರಿಗೆ ಮಿಡಿತಗಳನ್ನು ಏರಿಸಿದಾಗ, ಸುಡುವ ಮೊದಲೇ ನಡುಕ ನಿಂತಿತು. ವಿದ್ಯುತ್ ನಿಲ್ಲಿಸಿದರೆ ಮತ್ತೆ ಬಂತು. ಹಾಗಾದರೆ ಸುಡುವುದೇಕೆ? ತಂತಿಯನ್ನು ಅಲ್ಲಿಯೇ ಬಿಟ್ಟು ಸದಾ ವಿದ್ಯುತ್ ಕೊಡುತ್ತಿದ್ದರಾಯಿತಲ್ಲ! ತಂತಿ ಇಡುವ ಕಲ್ಪನೆ ಹೊಸದಲ್ಲ, ಮದರಾಸಿನ ಕನಕಾ ಅವರನ್ನು ಈಗಾಗಲೇ ಕಂಡೆವು. ನಡುಕಕ್ಕೆ ಸರಿಯಾದ ಜಾಗವನ್ನೂ ಮಿಡಿತದ ವೇಗವನ್ನೂ ಹೊಂದಿಸಿ ಅದನ್ನು ಎಲ್ಲರೂ ಮಾಡಬಹುದಾದ ಚಿಕಿತ್ಸೆಯಾಗಿಸಿದ್ದು ಗ್ರೆನೋಬಲ್.

ಜಾಗ ಯಾವುದೆಂಬ ಪ್ರಶ್ನೆಗೆ ಇನ್ನೊಂದು ದಾರಿಯಿಂದ ಉತ್ತರ ಬಂತು. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಲಬೆರಕೆ ಮಾದಕ ದ್ರವ್ಯ ಚುಚ್ಚಿಕೊಂಡ ತರುಣರು ಕೆಲವೇ ದಿನಗಳಲ್ಲಿ ಕಲ್ಲಿನಂತಾದರು. ಅದರಲ್ಲಿದ್ದ ವಿಷ ಕಪ್ಪುಪಟ್ಟಿಯ ಕೋಶಗಳನ್ನೇ ಹುಡುಕಿ ಕೊಂದಿತ್ತು. ಅದೇ ವಿಷದಿಂದ ಮಂಗಗಳಲ್ಲಿ ಕಾಯಿಲೆ ತರಿಸಿ, ಅಮೆರಿಕದ ಮಹ್ಲಾನ್ ಡಿಲಾಂಗ್ ಮತ್ತು ಸಂಗಡಿಗರು ಸಬ್‌ಥಲಾಮಿಕ್ ಎಂಬ ಗಂಟನ್ನು ನಿಷ್ಕ್ರಿಯಗೊಳಿಸಿದರೆ ಮಂಗ ಮತ್ತೆ ಚುರುಕಾಗುತ್ತದೆಂದು 1990ರಲ್ಲಿ ತೋರಿಸಿದರು. ಚಳ್ಳಕೆರೆ ಸೀಮೆಯವರಿಗೆ ಅಳತೆ ಹೇಳುವುದು ಸುಲಭ: ಆ ಗಂಟು ಒಂದು ಶೇಂಗಾ ಬೀಜಕ್ಕಿಂತ ಚಿಕ್ಕದು. 1993ರ ಹೊತ್ತಿಗೆ ಗ್ರೆನೋಬಲ್ ತಂಡ ಮನುಷ್ಯರಲ್ಲಿ ಆ ಗಂಟಿಗೇ ತಂತಿ ಮುಟ್ಟಿಸಿತು. ನಡುಕ ಮಾತ್ರವಲ್ಲ, ಬಿಗಿತ ಮತ್ತು ನಿಧಾನವೂ ಸಡಿಲಿದವು. ಅಮೆರಿಕದ ಔಷಧ ಆಡಳಿತ 1997ರಲ್ಲಿ ನಡುಕಕ್ಕೂ 2002ರಲ್ಲಿ ಪಾರ್ಕಿನ್ಸನ್ನಿನ ಇತರ ತೊಂದರೆಗಳಿಗೂ ಈ ಚಿಕಿತ್ಸೆಯನ್ನು ಒಪ್ಪಿತು. 2014ರಲ್ಲಿ ಬೆನಾಬಿದ್ ಮತ್ತು ಡಿಲಾಂಗ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಸಂದಿತು.

ಇದರ ಹೆಸರು ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಆಳ ಮಿದುಳಿನ ಪ್ರಚೋದನೆ ಎನ್ನಬಹುದು. ತಂತಿಯ ದಪ್ಪ ಒಂದೂಕಾಲು ಮಿಲಿಮೀಟರಿನಷ್ಟು. ತುದಿಯಲ್ಲಿ ಸಾಮಾನ್ಯವಾಗಿ ನಾಲ್ಕು ವಿದ್ಯುತ್ ಬಿಂದುಗಳು. ಬುರುಡೆಯ ರಂಧ್ರದಿಂದ ಹೊರಬಂದ ತಂತಿ ಚರ್ಮದ ಅಡಿಯಲ್ಲೇ ಕಿವಿಯ ಹಿಂದಿನಿಂದ ಕುತ್ತಿಗೆಯಲ್ಲಿಳಿದು, ಕೊರಳೆಲುಬಿನ ಕೆಳಗೆ ಹೂತಿಟ್ಟ ಪುಟ್ಟ ಪೆಟ್ಟಿಗೆಯನ್ನು ಸೇರುತ್ತದೆ. ಹೃದಯದ ಪೇಸ್‌ಮೇಕರ್ ನೋಡಿದವರಿಗೆ ಇದು ಅದರ ತಮ್ಮನಂತೆ ಕಂಡೀತು. ಅದು ಸೆಕೆಂಡಿಗೆ ಸುಮಾರು 130 ಬಾರಿ ಮಿಡಿಯುತ್ತದೆ. ಹಲವು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಮುಖ್ಯ ಭಾಗ ನಡೆಯುವಾಗ ರೋಗಿ ಎಚ್ಚರವಾಗಿಯೇ ಇರುತ್ತಾನೆ. ನೆತ್ತಿಯ ಚರ್ಮಕ್ಕೆ ಮರವು ಬರಿಸಿದರೆ ಸಾಕು, ಮಿದುಳಿಗೆ ನೋವಿನ ಅರಿವಿಲ್ಲ. ‘ಕೈ ಎತ್ತಿ, ಬೆರಳು ಮಡಚಿ, ವಾರದ ಹೆಸರು ಹೇಳಿ’ ಎಂದು ವೈದ್ಯರು ಕೇಳುತ್ತಿರುತ್ತಾರೆ.

ಇದು ಹೇಗೆ ಕೆಲಸ ಮಾಡುತ್ತದೆ? ಕಾಯಿಲೆಯ ಮಿದುಳಿನಲ್ಲಿ ಆಳದ ಗಂಟುಗಳು ಒಟ್ಟೊಟ್ಟಿಗೆ ಒಂದು ಕೆಟ್ಟ ತಾಳಕ್ಕೆ ಬಿದ್ದಿರುತ್ತವೆ. ಯಂತ್ರದ ವೇಗದ ಮಿಡಿತ ಆ ತಾಳವನ್ನು ಮುರಿಯುತ್ತದೆ ಎಂಬುದು ಈಗಿನ ತಿಳಿವಳಿಕೆ. ತಾಳವನ್ನು ಆಲಿಸಿ ತಾನೇ ಮಿಡಿತವನ್ನು ಹೆಚ್ಚು ಕಡಿಮೆ ಮಾಡಿಕೊಳ್ಳುವ ಉಪಕರಣಕ್ಕೆ 2025ರಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿದೆ.

2017ರಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ತರುಣನೊಬ್ಬ ಮಿದುಳಿನ ಶಸ್ತ್ರಚಿಕಿತ್ಸೆಯ ನಡುವೆ ಗಿಟಾರ್ ನುಡಿಸಿದ ಚಿತ್ರ ದೇಶದಾದ್ಯಂತ ಪ್ರಕಟವಾಯಿತು. ನೇಕಾರರ ಮಗ ನೋಡಿದ ವಿಡಿಯೊ ಅದೇ ಇರಬೇಕು. ಅದು ಪಾರ್ಕಿನ್ಸನ್ ಅಲ್ಲ. ಸಂಗೀತಗಾರರ ಬೆರಳು ಸೆಟೆದುಕೊಳ್ಳುವ ಬೇರೆ ತೊಂದರೆ. ಅಲ್ಲಿ ತಂತಿಯನ್ನೂ ಇಟ್ಟಿರಲಿಲ್ಲ; ಗುರಿಯನ್ನು ಶಾಖದಿಂದ ಸುಟ್ಟದ್ದು. ವರ್ಮರ ಕಾಲದ ಆ ಹಳೆಯ ವಿದ್ಯೆ ಹೊಸ ಸ್ಕ್ಯಾನರ್‌ಗಳ ಸಹಾಯದಿಂದ ಮರಳಿ ಬಂದಿತ್ತು.

ಕೈಗೆಟುಕುವ ದೂರ

ವೈರ್ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಕೋಶಗಳು ಸಾಯುವುದನ್ನು ತಡೆಯುವುದಿಲ್ಲ. ಹೆಚ್ಚುಕಡಿಮೆ, ಡೋಪಾ ಮಾತ್ರೆ ತನ್ನ ಒಳ್ಳೆಯ ಗಳಿಗೆಯಲ್ಲಿ ಕೊಡುವ ಗುಣವನ್ನು ಅದು ದಿನದ ಹೆಚ್ಚು ಹೊತ್ತು ಹಿಡಿದಿಡುತ್ತದೆ, ಅಷ್ಟೇ. ಮಾತ್ರೆಗೆ ಬಗ್ಗದ ತೊದಲು, ಆಯ ತಪ್ಪುವಿಕೆಗಳು ಸಾಮಾನ್ಯವಾಗಿ ಇದಕ್ಕೂ ಬಗ್ಗುವುದಿಲ್ಲ. ಮರೆವು ಬಲಿತವರಿಗೆ ಇದನ್ನು ಮಾಡುವುದಿಲ್ಲ. ನೂರರಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯವಿದೆ. ಸೋಂಕು ತಗುಲಿದರೆ ಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಉಪಕರಣದ ಬೆಲೆಯೇ ಹಲವು ಲಕ್ಷ ರೂಪಾಯಿ. ಸೀರೆ ನೇಯುವವರ ಮನೆಯಲ್ಲಿ ಅದನ್ನು ಹೇಳುವಾಗ ನನ್ನ ದನಿ ತಾನಾಗಿ ತಗ್ಗಿತು.

ಆದರೆ ಅವರ ಮನೆಗೂ ಆ ವೈರ್‌ಗೂ ನಡುವೆ ಇರುವುದು ದುಡ್ಡೊಂದೇ ಅಲ್ಲ. ತಂತಿಯ ಮಾತು ಬರುವುದು ಮಾತ್ರೆ ನುಂಗಿ ವರ್ಷಗಳಾದ ಮೇಲೆ. ಮಾತ್ರೆ ಸಿಗುವುದು ಕಾಯಿಲೆಗೆ ಹೆಸರು ಸಿಕ್ಕ ಮೇಲೆ. ಮೂರು ವರ್ಷ ಅಕ್ಷರ ಕುಗ್ಗುತ್ತಿದ್ದರೂ ಯಾರೂ ಆ ಹೆಸರನ್ನು ಹೇಳಿರಲಿಲ್ಲ. ಭುಜಕ್ಕೆ ಇಂಜೆಕ್ಷನ್ ಬಿದ್ದಿತ್ತು, ಶಕ್ತಿಗೆ ಟಾನಿಕ್ ಸಿಕ್ಕಿತ್ತು, ತಾಯಿತವೂ ಬಂದಿತ್ತು. ಚಳ್ಳಕೆರೆಯ ಹತ್ತಿರದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಆವರಣವಿದೆ. ಅದೇ ಸೀಮೆಯಲ್ಲಿ ರಕ್ಷಣಾ ಸಂಶೋಧನೆಯವರು ಚಾಲಕರಿಲ್ಲದ ವಿಮಾನ ಹಾರಿಸುತ್ತಾರೆ. ಆದರೆ ನರರೋಗ ತಜ್ಞರನ್ನು ಕಾಣಬೇಕೆಂದರೆ ಈ ಎರಡು ತಾಲ್ಲೂಕಿನ ಜನ ಚಿತ್ರದುರ್ಗವನ್ನೋ ಬಳ್ಳಾರಿಯನ್ನೋ ದಾವಣಗೆರೆಯನ್ನೋ ಹಿಡಿಯಬೇಕು. ಇಲ್ಲವಾದರೆ ಇನ್ನೂರು ಕಿಲೋಮೀಟರಿಗೂ ಮಿಕ್ಕ ಬೆಂಗಳೂರಿನ ಬಸ್ಸು ಹತ್ತಬೇಕು. ಅರವತ್ತು ದಾಟಿದ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಈ ಕಾಯಿಲೆ ಎಂಬುದು ಜಗತ್ತಿನಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಗೌರಸಮುದ್ರದ ಜಾತ್ರೆಯ ದಿನ ಹಾದಿಯ ಪಕ್ಕ ನಿಂತು ನೋಡಿದರೆ, ಪಾರ್ಕಿನ್ಸನ್ನಿಗೆ ಲಂಡನ್ನಿನಲ್ಲಿ ಸಿಕ್ಕ ಆರು ಜನ ನಮಗೆ ಒಂದು ಗಂಟೆಯಲ್ಲಿ ಸಿಕ್ಕಾರು.

ತಾಲ್ಲೂಕು ಮಟ್ಟದ ವೈದ್ಯರಿಗೆ ನರರೋಗಗಳನ್ನು ಗುರುತಿಸಲು ಕಲಿಸುವ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಎಂಬ ಕೆಲಸವನ್ನು ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದವು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ನಡುಗುವ ಕೈಯನ್ನು ನೋಡಿದ ವೈದ್ಯರು ‘ಇಲ್ಲಿ ನಿಮ್ಮ ಹೆಸರು ನಾಲ್ಕು ಸಲ ಬರೆಯಿರಿ’ ಎಂದು ಒಂದು ಹಾಳೆ ಮುಂದಿಡಲು ಖರ್ಚೇನೂ ಇಲ್ಲ.

ಎರಡು ತಿಂಗಳ ಮೇಲೆ ಸೀರೆಯ ಲೇಖನದ ಪ್ರತಿ ಕೊಡಲು ಮತ್ತೆ ಆ ಮನೆಗೆ ಹೋದೆ. ಮಗ ತಂದೆಯನ್ನು ಚಿತ್ರದುರ್ಗಕ್ಕೆ ಕರೆದೊಯ್ದಿದ್ದ. ಲೆಕ್ಕದ ಪುಸ್ತಕವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿದ್ದನಂತೆ. ವೈದ್ಯರು ಅದನ್ನು ತಿರುವಿ ನೋಡಿ, ನಡೆಸಿ ನೋಡಿ, ಮಾತ್ರೆ ಬರೆದುಕೊಟ್ಟಿದ್ದರು. ದಿನಕ್ಕೆ ಮೂರು, ಊಟಕ್ಕೆ ಅರ್ಧ ಗಂಟೆ ಮುಂಚೆ. ಅಜ್ಜಿ ಗೋಡೆಯ ಗಡಿಯಾರದ ಕೆಳಗೆ ಡಬ್ಬಿ ಇಟ್ಟು ಹೊತ್ತು ತಪ್ಪದಂತೆ ಕೊಡುತ್ತಿದ್ದಾರೆ. ಸದ್ಯಕ್ಕೆ ವೈರ್‌ನ ಅಗತ್ಯವಿಲ್ಲ, ಮಾತ್ರೆಗೇ ಮೈ ಒಗ್ಗಿದೆ.

ಆದರೂ ವೈರ್‌ನ ಬಗ್ಗೆ ಅಜ್ಜಿಗೊಂದು ಸಂಶಯ ಉಳಿದಿತ್ತು. ‘ಅದಕ್ಕೆ ಕರೆಂಟು ಬೇಕಲ್ಲ? ನಮ್ಮೂರಾಗೆ ಹೊತ್ತಿಲ್ಲದ ಹೊತ್ತಿಗೆ ಕರೆಂಟು ಹೋಗ್ತೈತೆ. ಆಗ ಕೈ ಮತ್ತೆ ನಡುಗ್ತೈತೇನು?’

ಪೆಟ್ಟಿಗೆಯೊಳಗೇ ಬ್ಯಾಟರಿ ಇರುತ್ತದೆ, ಊರಿನ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಒಂದು ಬಗೆಯದು ಮೂರರಿಂದ ಐದು ವರ್ಷ ಬರುತ್ತದೆ, ಆಮೇಲೆ ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿ ಪೆಟ್ಟಿಗೆ ಬದಲಾಯಿಸಬೇಕು. ಇನ್ನೊಂದನ್ನು ಚರ್ಮದ ಮೇಲಿನಿಂದಲೇ ಚಾರ್ಜ್ ಮಾಡಿಕೊಳ್ಳಬಹುದು, ಅದು ಹದಿನೈದು ವರ್ಷದಷ್ಟು ಬಾಳುತ್ತದೆ. ಚಾರ್ಜ್ ಪೂರ್ತಿ ಮುಗಿದರೆ ಮಾತ್ರ ನಡುಕ ಮರಳುತ್ತದೆ. ‘ಹಂಗಾದ್ರೆ ಮೊಬೈಲ್ ಇದ್ದಂಗೆ’ ಎಂದು ಮಗ ನಕ್ಕ. ಅಜ್ಜ ಕೂಡ ನಕ್ಕರು, ಈ ಸಲ ಅಷ್ಟು ತಡವಾಗದೆ. ಹೊರಡುವಾಗ ಲೆಕ್ಕದ ಪುಸ್ತಕ ತರಿಸಿ, ಪತ್ರಿಕೆಯ ಹೆಸರನ್ನೂ ದಿನಾಂಕವನ್ನೂ ಅದರಲ್ಲಿ ಬರೆದುಕೊಂಡರು. ಸಾಲಿನ ಮೊದಲ ಮೂರು ಪದ ದುಂಡಗೆ ಬಂದವು. ನಾಲ್ಕನೆಯದು ಸ್ವಲ್ಪ ಕಿರಿದಾಯಿತು.